ಅಮ್ಮನ ಫೋಟೋಗೆ ಜಾಗ ಇಲ್ಲವೆಂದ ಫೋನಿನ ಸೂಚನೆಯವರಿಗೆ

'ಸಂಗ್ರಹಣೆ ಬಹುತೇಕ ಭರ್ತಿಯಾಗಿದೆ' ಎಂಬ ಶುಭನಾಮದಿಂದ ನನ್ನ ಫೋನಿನ ನೆತ್ತಿಯ ಮೇಲೆ ದಿನಕ್ಕೆ ಹನ್ನೊಂದು ಸಲ ಕೆಂಪಗೆ ದರ್ಶನ ಕೊಡುವ ಸೂಚನೆಯವರ ದಿವ್ಯ ಸನ್ನಿಧಾನಕ್ಕೆ, ಚಾಮರಾಜನಗರ ತಾಲ್ಲೂಕು ಉಡಿಗಾಲದ ನಿವಾಸಿ, ನಿವೃತ್ತ ಬಸ್ ಕಂಡಕ್ಟರ್ ನಿಂಗರಾಜು ಎರಡೂ ಕೈ ಜೋಡಿಸಿ, ಹೆಬ್ಬೆರಳು ಮಾತ್ರ ಪರದೆಯ ಮೇಲೆ ಉಳಿಸಿಕೊಂಡು ಮಾಡುವ ನಮಸ್ಕಾರಗಳು.

ಪರಮ ಮಾನ್ಯರೇ,

ಇಲ್ಲಿ ನಾವು ಕ್ಷೇಮ. ತಾವು ಕ್ಷೇಮವಾಗಿರುವ ಸಂಗತಿ ಬೆಳಗಿನ ಹಲ್ಲುಜ್ಜುವ ಹೊತ್ತಿನಿಂದ ಸಂಜೆಯ ದೀಪ ಹಚ್ಚುವ ಹೊತ್ತಿನವರೆಗೆ ತಮ್ಮಿಂದಲೇ ತಿಳಿದುಬರುತ್ತಿರುವುದರಿಂದ ಬೇರೆಯಾಗಿ ವಿಚಾರಿಸುವುದಿಲ್ಲ. ನನ್ನ ಸ್ವಂತ ಅಳಿಯ ವರ್ಷಕ್ಕೆರಡು ಬಾರಿ ಫೋನ್ ಮಾಡಿ ಯೋಗಕ್ಷೇಮ ಕೇಳುತ್ತಾನೆ. ತಾವಾದರೋ ನೆಂಟಸ್ತಿಕೆ ಇಲ್ಲದಿದ್ದರೂ ನನ್ನ ವಿಷಯದಲ್ಲಿ ಇಷ್ಟೊಂದು ಕಳಕಳಿ ಇಟ್ಟುಕೊಂಡಿದ್ದೀರಿ. ಇದಕ್ಕಾಗಿ ಕೃತಜ್ಞತೆ ಹೇಳಿ, ಆಮೇಲೆ ನನ್ನ ದೂರನ್ನು ಹೇಳಬೇಕೆಂದು ಈ ಬಹಿರಂಗ ಪತ್ರ ಬರೆಯಲು ಕೂತಿದ್ದೇನೆ. ಕೃತಜ್ಞತೆಯ ಭಾಗ ಈಗ ಮುಗಿಯಿತು.

ನನ್ನ ಪರಿಚಯ ಸ್ವಲ್ಪ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ನನ್ನ ಕೋಪಕ್ಕೆ ಕಾರಣ ತಮಗೆ ಅರ್ಥವಾಗಲಾರದು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಅಲ್ಲಿಂದ ಸಂತೆಮರಹಳ್ಳಿಗೆ ಹೋಗಿಬರುವ ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ಹರಿದವನು ನಾನು. ಐವತ್ತೆರಡು ಸೀಟಿನ ಆ ಬಸ್ಸಿಗೆ ಸಂತೆಯ ದಿನ ನೂರ ಹತ್ತು ಜನ, ಹದಿನೇಳು ಕೋಳಿ, ಎರಡು ಮೂಟೆ ಅರಿಶಿನ, ಒಂದು ಹೊಲಿಗೆ ಯಂತ್ರ ಮತ್ತು ಆ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಒಪ್ಪದ ಒಬ್ಬ ಹೊಸ ಮದುಮಗನನ್ನು ಹತ್ತಿಸಿಕೊಂಡು, "ಒಳಕ್ ನಡೀರಿ, ಇಂದ್ಗಡೆ ಖಾಲಿ ಅದೆ" ಎಂದು ಕೂಗಿ, ಆಮೇಲೂ ಉಡಿಗಾಲದ ಮೂವರು ಹೆಂಗಸರಿಗೆ ಜಾಗ ಮಾಡಿಕೊಟ್ಟವನು. ಹಿಂದುಗಡೆ ಖಾಲಿ ಇತ್ತೇ ಎಂದು ತಾವು ಕೇಳಬಹುದು. ಇರಲಿಲ್ಲ. ಆದರೆ ನಾನು ಹೇಳಿದ ಮೇಲೆ ಆಗುತ್ತಿತ್ತು. ಜಾಗ ಎಂಬುದು ಜನ ಸರಿದು ಕೂತರೆ ಹುಟ್ಟುವ ವಸ್ತುವೇ ಹೊರತು, ಕಾರ್ಖಾನೆಯಲ್ಲಿ ಅಳತೆ ಮಾಡಿ ತುಂಬಿ ಕಳಿಸುವ ವಸ್ತುವಲ್ಲವೆಂದು ನಂಬಿ ಬದುಕಿದ ನನಗೆ, ಅಂಗೈಯಗಲದ ತಾವು 'ಭರ್ತಿಯಾಗಿದೆ' ಎಂದು ಹೇಳಿದಾಗ ಆದ ಅವಮಾನವನ್ನು ಬರೆಯಲು ನನ್ನಲ್ಲಿ ಮಾತಿಲ್ಲ.

ಆದರೂ ನಿವೃತ್ತನಾದವನು ಆತುರಪಡಬಾರದೆಂದು, ತಮ್ಮ ಒಳಗಡೆ ಯಾರ್ಯಾರು ಕೂತಿದ್ದಾರೆಂದು ನೋಡಲು ಹೋದೆ. ಒಟ್ಟು ಮೂವತ್ತೆರಡು ಜಿಬಿ. ಅದರಲ್ಲಿ ಹದಿನಾಲ್ಕನ್ನು 'ಸಿಸ್ಟಂ' ಎಂಬ ಮಹನೀಯರು ಹಿಡಿದುಕೊಂಡಿದ್ದಾರೆ. ಬಸ್ ಇನ್ನೂ ನಿಲ್ದಾಣಕ್ಕೆ ಬರುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಮೂರು ಜನರ ಸೀಟು ಹಿಡಿಯುವ ಆಸಾಮಿಗಳನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಅವರಾದರೂ ತೆರಕಣಾಂಬಿ ದಾಟುವಷ್ಟರಲ್ಲಿ ಇಬ್ಬರಿಗೆ ಜಾಗ ಬಿಡುತ್ತಿದ್ದರು. ತಮ್ಮ ಸಿಸ್ಟಂ ಅವರು ಯಾರು, ಎಲ್ಲಿಂದ ಹತ್ತಿದರು, ಎಲ್ಲಿಗೆ ಟಿಕೆಟ್ ತೆಗೆದುಕೊಂಡಿದ್ದಾರೆ, ಯಾಕೆ ಇಳಿಯುವುದಿಲ್ಲ ಎಂಬುದನ್ನು ತಾವು ಎಲ್ಲೂ ಬರೆದಿಲ್ಲ. ಅವರನ್ನು ಮುಟ್ಟಿದರೆ ಫೋನೇ ಸತ್ತುಹೋಗುತ್ತದೆಂದು ನನ್ನ ಹೆಂಡತಿ ಚಂದ್ರಮತಿ ಎಚ್ಚರಿಸಿದ್ದರಿಂದ ಅವರ ತಂಟೆಗೆ ಹೋಗಲಿಲ್ಲ.

ಉಳಿದ ಜಾಗದಲ್ಲಿ ತುಂಬಿಕೊಂಡಿದ್ದವರು ದೇವರುಗಳು. ನಮ್ಮ ನಿವೃತ್ತ ಚಾಲಕ ನಿರ್ವಾಹಕರ ಬಳಗದಲ್ಲಿ ಎಪ್ಪತ್ತೆರಡು ಜನರಿದ್ದು, ಮೊದಲ ಪಾಳಿಗೆ ಏಳುವ ಅಭ್ಯಾಸ ಇನ್ನೂ ಬಿಡದೆ ಬೆಳಿಗ್ಗೆ ಐದಕ್ಕೇ ಒಬ್ಬೊಬ್ಬರೂ ಒಂದೊಂದು ಶುಭೋದಯ ಕಳಿಸುತ್ತಾರೆ. ಸೋಮವಾರ ಮಾದಪ್ಪ, ಶನಿವಾರ ಗೋಪಾಲಸ್ವಾಮಿ, ನಡುವೆ ಗುಲಾಬಿ ಹೂವಿನ ಮಧ್ಯೆ ನಂಜುಂಡೇಶ್ವರ, ಕಾಫಿ ಲೋಟದ ಪಕ್ಕ ಬಿಳಿಗಿರಿರಂಗ. ಹೀಗೆ ಎರಡು ವರ್ಷದಲ್ಲಿ ಐವತ್ತು ಸಾವಿರ ದೇವರುಗಳು ನನ್ನ ಫೋನಿಗೆ ಹತ್ತಿ, ಪಾಸು ತೋರಿಸಿದವರಂತೆ ಕೂತುಬಿಟ್ಟಿದ್ದರು. ನಾನೂ ಇಳಿಸಲಿಲ್ಲ. ಯಾರನ್ನೂ ದಾರಿ ಮಧ್ಯೆ ಇಳಿಸಿದವನಲ್ಲ ನಾನು, ಇನ್ನು ದೇವರನ್ನು ಇಳಿಸುತ್ತೇನೆಯೇ?

ಇಷ್ಟೇ ಆಗಿದ್ದರೆ ತಮಗೆ ಈ ಪತ್ರದ ತೊಂದರೆ ಕೊಡುತ್ತಿರಲಿಲ್ಲ. ವಿಷಯ ನನ್ನ ಮಾತೃಶ್ರೀ, ಎಂಬತ್ತನಾಲ್ಕು ವರ್ಷದ ಪುಟ್ಟಸಿದ್ದಮ್ಮನವರದು. ಎರಡು ವರ್ಷದ ಹಿಂದೆ ಕುದೇರಿನಲ್ಲಿ ಅಮ್ಮನ ಅಕ್ಕ ಕರಿಬಸಮ್ಮ ತೀರಿಕೊಂಡರು. ತುಂಬು ಜೀವನ ಮಾಡಿದವರು, ಆದರೆ ಒಂದು ಫೋಟೋ ತೆಗೆಸಿಕೊಂಡವರಲ್ಲ. ಕೊನೆಗೆ ಮನೆಯವರು ಆಧಾರ್ ಕಾರ್ಡಿನಲ್ಲಿದ್ದ ಹೆಬ್ಬೆರಳುಗಾತ್ರದ ಮುಖವನ್ನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದರು. ದೊಡ್ಡಮ್ಮ ಆ ಫೋಟೋದ ದಿನ ಉಪವಾಸವಿದ್ದರೋ ಏನೋ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಕಣ್ಣು ಯಾರನ್ನೋ ಹೊಡೆಯಲು ಹುಡುಕುತ್ತಿದೆ. ಪಿತೃಪಕ್ಷದಲ್ಲಿ ಹಿರಿಯರ ಹಬ್ಬಕ್ಕೆ ನಾವು ಹೋದಾಗ ಆ ಫೋಟೋದ ಮುಂದೆ ಬಾಳೆಲೆ ಹಾಕಿ, ಹೊಸ ಸೀರೆ ಇಟ್ಟು, ಒಬ್ಬಟ್ಟು ಕಡುಬು ಎಲ್ಲ ಬಡಿಸಿ ಎಡೆ ಇಟ್ಟಿದ್ದರು. ಅಮ್ಮ ಆ ಫೋಟೋವನ್ನು ನೋಡಿದಳು, ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದ್ಯಾರ್ಲಾ ಇದು? ನಮ್ಮಕ್ಕ ಇಂಗಿರ್ನಿಲ್ಲ ಕಣ್ಲಾ. ಈ ಮೊಕುಕ್ಕೆ ಎಡೆ ಇಕ್ಕುದ್ರೆ ಅವಳೆಂಗ್ ಬಂದು ಉಂಡಾಳು? ಯಾರೋ ಬ್ಯಾರೆಯವ್ರ್ ಮನೆ ಅನ್ಕಂಡು ಬಾಗ್ಲಲ್ಲೇ ವಾಪಸ್ ಓಯ್ತಾಳೆ" ಎಂದು ಅಷ್ಟು ಜನರ ಮುಂದೆ ಹೇಳಿ, ಊರಿಗೆ ವಾಪಸಾಗುವ ದಾರಿಯಲ್ಲಿ ಇನ್ನೊಂದು ಮಾತು ಸೇರಿಸಿದಳು. "ನಂಗೇನಾರ ಈ ಗತಿ ತಂದ್ಯೋ, ಸತ್ಮೇಲೂ ಬಂದು ನಿನ್ ಕಿವಿ ಇಂಡ್ಬುಡ್ತೀನಿ."

ಮಾನ್ಯರೇ, ಅಮ್ಮನ ಬೆದರಿಕೆಗಳು ಜಾರಿಗೆ ಬರದೆ ಉಳಿದ ಉದಾಹರಣೆ ನಮ್ಮ ಮನೆಯಲ್ಲಿ ಇಲ್ಲ. ಅಂದಿನಿಂದ ಅವಳ ಗೋಡೆಯ ಫೋಟೋ ತೆಗೆಯುವುದೇ ನನ್ನ ಕೆಲಸವಾಯಿತು. ಇಳಕಲ್ ಸೀರೆ ಉಟ್ಟು ಕುರ್ಚಿಯ ಮೇಲೆ, ಉಟ್ಟ ಸೀರೆ ಸರಿಯಿಲ್ಲವೆಂದು ಬೇರೆ ಸೀರೆ ಉಟ್ಟು ಅದೇ ಕುರ್ಚಿಯ ಮೇಲೆ, ವಿಭೂತಿ ಇಟ್ಟು, ವಿಭೂತಿ ಜಾಸ್ತಿಯಾಯಿತೆಂದು ಒರೆಸಿ, ತುಳಸಿಕಟ್ಟೆಯ ಮುಂದೆ, ಎಮ್ಮೆಯ ಪಕ್ಕದಲ್ಲಿ, ಎಮ್ಮೆ ತನಗಿಂತ ಚೆನ್ನಾಗಿ ಬಂದಿದೆಯೆಂದು ಎಮ್ಮೆಯಿಲ್ಲದೆ. ನಗಬಾರದಂತೆ, ಸತ್ತವರು ನಗುತ್ತಿದ್ದರೆ ಎಡೆ ಇಡುವವರಿಗೆ ಏನನ್ನಿಸುತ್ತದೆ ಎಂದಳು. ಮುಖ ಬಿಗಿದುಕೊಂಡರೆ ಪೊಲೀಸ್ ಠಾಣೆಯ ಗೋಡೆಗೆ ಹೊಂದುವಂತಿದೆ ಎಂದು ತಾನೇ ಬೈದಳು. ಗುಂಡ್ಲುಪೇಟೆಯ ರಸ್ತೆ ಬದಿಯ ಸೂರ್ಯಕಾಂತಿ ಹೊಲದಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆಂದು ಅಲ್ಲಿಗೂ ಕರೆದುಕೊಂಡು ಹೋದೆ. ಕೇರಳದಿಂದ ಬಂದಿದ್ದ ಗಂಡ ಹೆಂಡತಿ ಗಿಡ ತುಳಿದುಕೊಂಡು ನಿಂತಿದ್ದನ್ನು ಕಂಡು ಅವರಿಗೆ ಬೇಸಾಯದ ಪಾಠ ಹೇಳಲು ನಿಂತಳು, ಹೊಲ ಯಾರದೆಂದು ಅವಳಿಗೂ ಗೊತ್ತಿಲ್ಲ. ಅಲ್ಲಿ ತೆಗೆದ ಇಪ್ಪತ್ತಮೂರು ಫೋಟೋದಲ್ಲೂ ಅಮ್ಮನ ಕೈ ಮೇಲೆದ್ದಿದೆ, ಹಿಂದೆ ಅಷ್ಟೂ ಹೂವುಗಳು ಅವಳ ಮಾತು ಕೇಳುತ್ತಿರುವಂತೆ ಒಂದೇ ಕಡೆ ಮುಖ ಮಾಡಿವೆ. ಹೀಗೆ ಒಟ್ಟು ನಾನೂರ ಹನ್ನೆರಡು ಫೋಟೋ. ಒಂದಕ್ಕೂ ಅಮ್ಮನ ಒಪ್ಪಿಗೆ ಸಿಗಲಿಲ್ಲ.

ನಾನೂರ ಹದಿಮೂರನೆಯದು ಆ ಸೂರ್ಯಕಾಂತಿ ಹೊಲದಿಂದ ಬಸ್ಸಿನಲ್ಲಿ ವಾಪಸಾಗುವಾಗ ಬಂತು. ಅಮ್ಮ ಕಿಟಕಿ ಪಕ್ಕದಲ್ಲಿ ಕೂತಿದ್ದಳು, ನಾನು ಹಿಂದಿನ ಸೀಟಿನಲ್ಲಿದ್ದೆ. ಅವಳ ಕೋಪ ಇಳಿಸಲೆಂದು ಹಳೆಯ ಗತ್ತಿನಲ್ಲಿ ಭುಜ ತಟ್ಟಿ, "ಟಿಕೇಟ್, ಟಿಕೇಟ್, ಯಾರಮ್ಮ ಅದು ಟಿಕೇಟ್ ತಗೊಳ್ದೆ ಕೂತಿರೋದು" ಎಂದೆ. ಅಮ್ಮ ತಿರುಗಿದಳು, ಬಾಯಿತುಂಬ ನಕ್ಕಳು, ಅದೇ ಗಳಿಗೆಗೆ ಬಸ್ಸು ರಸ್ತೆ ಉಬ್ಬಿನ ಮೇಲೆ ಹಾರಿತು, ಕೈಯಲ್ಲಿ ತೆರೆದೇ ಇದ್ದ ಕ್ಯಾಮೆರಾದ ಮೇಲೆ ನನ್ನ ಬೆರಳು ಒತ್ತಿಕೊಂಡಿತು. ಫೋಟೋ ಒಂದಿಷ್ಟು ಮಸುಕಾಗಿತ್ತು. ಸೆರಗು ಜಾರಿತ್ತು, ಉಳಿದಿರುವ ಐದು ಹಲ್ಲೂ ಕಾಣುತ್ತಿದ್ದವು. ಭಯಪಟ್ಟುಕೊಂಡೇ ತೋರಿಸಿದೆ. ಅಮ್ಮ ಫೋನನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ಊಂ ಕಣ್ಲಾ. ಇವ್ಳು ನಾನೇಯ. ಇವ್ಳಿಗ್ ಎಡೆ ಇಕ್ಕು, ಬತ್ತೀನಿ."

ನನಗೆ ಅರವತ್ತಮೂರು ವರ್ಷ. ಮೊಮ್ಮಕ್ಕಳನ್ನು ಕಂಡವನು. ಆದರೂ ಆ ಮಾತಿಗೆ ಕಿಟಕಿಯ ಕಡೆ ತಿರುಗಿ ಟವೆಲಿನಿಂದ ಕಣ್ಣೊರೆಸಿಕೊಂಡೆ ಎಂಬುದನ್ನು ಈ ದೂರಿನ ಭಾಗವಾಗಿ ದಾಖಲಿಸಲು ನನಗೆ ನಾಚಿಕೆಯಿಲ್ಲ.

ಗುಂಡ್ಲುಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಶಶಿಕುಮಾರನೇ ಫೋಟೋ ದೊಡ್ಡದು ಮಾಡಿ ಚೌಕಟ್ಟು ಹಾಕಿಸಿಕೊಡುತ್ತಾನೆ. ಮನೆಗೆ ಬಂದವನೇ ಅವನಿಗೆ ಆ ಫೋಟೋ ಕಳಿಸಲು ಹೋದೆ. ಆಗ ತಾವು ಪ್ರತ್ಯಕ್ಷರಾದಿರಿ. ಜಾಗ ಇಲ್ಲ, ಏನೂ ಕಳಿಸಲಾಗದು, ಏನೂ ಬರಲಾಗದು ಎಂದಿರಿ. ಅಷ್ಟಕ್ಕೇ ಬಿಡದೆ ಪಕ್ಕದಲ್ಲಿ ಒಂದು ನೀಲಿ ಗುಂಡಿ ತೋರಿಸಿ, 'ಸ್ಥಳ ಮುಕ್ತಗೊಳಿಸಿ' ಎಂದು ಸಲಹೆಯನ್ನೂ ಕೊಟ್ಟಿರಿ. ಒತ್ತಿದೆ. ಶುಭೋದಯಗಳು, ಮಸುಕಾದವು, ಒಂದೇ ತರಹದವು ಎಂದು ತಾವೇ ವಿಂಗಡಿಸಿ ಸಾವಿರಗಟ್ಟಲೆ ಫೋಟೋಗಳಿಗೆ ತಾವೇ ಗುರುತು ಹಾಕಿಕೊಟ್ಟಿರಿ. ಇಷ್ಟು ಕಾಳಜಿಯಿಂದ ಮಾಡಿದ ಕೆಲಸವನ್ನು ಮತ್ತೆ ಪರಿಶೀಲಿಸುವುದು ತಮಗೆ ಅಗೌರವವೆಂದು ತಿಳಿದು, ಕಣ್ಣು ಮುಚ್ಚಿಕೊಂಡು 'ಸರಿ' ಕೊಟ್ಟೆ. ಮೂವತ್ತನಾಲ್ಕು ವರ್ಷ ಹಿಂದೆ ಮುಂದೆ ನೋಡದೆ ರೈಟ್ ಹೇಳಿದವನಲ್ಲ ನಾನು. ಆ ಸಂಜೆ ಹೇಳಿಬಿಟ್ಟೆ.

ಎಲ್ಲವೂ 'ಅನುಪಯುಕ್ತ' ಎಂಬ ಡಬ್ಬಿಗೆ ಹೋಗಿ ಬಿದ್ದವು. ಮೂವತ್ತು ದಿನ ಅಲ್ಲೇ ಇರುತ್ತವೆ, ಆಮೇಲೆ ತಾವಾಗಿಯೇ ಹೋಗುತ್ತವೆ ಎಂದು ಬರೆದಿತ್ತು. ಅಲ್ಲಿಯವರೆಗೆ ಅವು ಜಾಗವನ್ನೂ ಬಿಡುವುದಿಲ್ಲವಂತೆ. ಇರಲಿ, ನಾಳೆ ನೋಡಿದರಾಯಿತು ಎಂದು ಊಟಕ್ಕೆ ಕೂತೆ. ಚಂದ್ರಮತಿ ಫೋನು ಹಿಡಿದುಕೊಂಡು, ಈ ಡಬ್ಬಿಯೊಳಗೆ ಮಾದಪ್ಪ ಇದ್ದಾನೆ, ನಂಜುಂಡೇಶ್ವರ ಇದ್ದಾನೆ, ಗೋಪಾಲಸ್ವಾಮಿ ಇದ್ದಾನೆ ಎಂದು ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿದಳು. ಮುದ್ದೆ ಮುರಿಯುತ್ತಿದ್ದ ಅಮ್ಮನ ಕೈ ನಿಂತಿತು.

"ಅಯ್ಯೋ ನನ್ ಸಿವ್ನೆ! ಮಾದಪ್ಪನ್ನ ಕಸುದ್ ಡಬ್ಬಕ್ ಆಕ್ಬುಟ್ಟು ಕೂತ್ಕಂಡ್ ಉಣ್ತಾ ಇದ್ದೀಯಲ್ಲ, ನಿಂಗ್ ಇಟ್ಟು ಎಂಗ್ಲಾ ಇಳೀತು?"

ಮಾನ್ಯರೇ, ತಾವು ಯಾವ ಊರಿನಲ್ಲಿ ತಯಾರಾದವರೋ ತಿಳಿಯದು, ಆದ್ದರಿಂದ ವಿವರಿಸುತ್ತೇನೆ. ನಮ್ಮ ಕಡೆ ದೇವರ ಪಟದ ಗಾಜು ಒಡೆದರೆ, ಹಳೆಯ ಕ್ಯಾಲೆಂಡರಿನಲ್ಲಿ ದೇವರಿದ್ದರೆ, ಅದನ್ನು ಕಸಕ್ಕೆ ಹಾಕುವವರಿಲ್ಲ. ಅರಳಿಕಟ್ಟೆಯ ಬುಡದಲ್ಲಿ ಇಟ್ಟು ಬರುತ್ತೇವೆ, ಇಲ್ಲವೇ ನೀರಿಗೆ ಬಿಡುತ್ತೇವೆ. ಮೂವತ್ತು ದಿನ ಕಸದ ಡಬ್ಬಿಯಲ್ಲಿ ಕಾದಿರಿಸಿ ಆಮೇಲೆ ತಾವಾಗಿಯೇ ಮಾಯವಾಗಲಿ ಎಂದು ಬಿಡುವ ಕ್ರಮ ನಮ್ಮಲ್ಲಿ ಯಾವ ದೇವರಿಗೂ ಇಲ್ಲ. ಮಾಡಿದ ತಪ್ಪಿಗೆ ಬೆಳಗಾಗುತ್ತಲೇ ವಿಸರ್ಜನೆ ಆಗಬೇಕೆಂದು ಅಮ್ಮ ತೀರ್ಪು ಕೊಟ್ಟಳು, ತೀರ್ಪು ಕೊಟ್ಟು ಮುದ್ದೆಯನ್ನು ಪೂರ್ತಿ ಮಾಡಿದಳು.

ಮರುದಿನ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ, ಬಾಳೆಎಲೆಯ ಮೇಲೆ ಫೋನು ಇಟ್ಟುಕೊಂಡು ಕೆರೆ ಏರಿಯ ಅರಳಿಕಟ್ಟೆಗೆ ನಡೆದೆ. ಹಿಂದೆ ಚಂದ್ರಮತಿ ತಾಮ್ರದ ಚೊಂಬು ಹಿಡಿದು, ಅವಳ ಹಿಂದೆ ಅಮ್ಮ ಹೂವಿನ ಬುಟ್ಟಿ ಹಿಡಿದು. ದಾರಿಯಲ್ಲಿ ಸಿಕ್ಕವರು ಯಾರು ಹೋದರೆಂದು ವಿಚಾರಿಸಿದರು. ಐವತ್ತು ಸಾವಿರ ಜನ ಎಂದು ಅಮ್ಮ ಉತ್ತರ ಕೊಟ್ಟಳು. ಕಟ್ಟೆಯ ಮೇಲೆ ತಮ್ಮನ್ನು ಪೂರ್ವಾಭಿಮುಖವಾಗಿ ಕೂರಿಸಿ ಅರಿಶಿನ ಕುಂಕುಮ ಇಟ್ಟೆವು. ಕುಂಕುಮ ಚಾರ್ಜು ಹಾಕುವ ತೂತಿಗೆ ಹೋಗಿ ಇಂದಿಗೂ ತಮಗೆ ಆಗಾಗ ಸೀನು ಬಂದಂತಾಗುತ್ತಿದ್ದರೆ ಅದರ ಕಾರಣ ಇದು. ಕರ್ಪೂರ ಬೆಳಗಿದೆವು. ಪ್ರತಿ ದೇವರಿಗೂ ಬೇರೆ ಬೇರೆ ಕೈಮುಗಿಯಲು ಹೊರಟ ಅಮ್ಮ ಎಂಬತ್ತು ದೇವರ ಹೊತ್ತಿಗೆ ಸುಸ್ತಾಗಿ, ಉಳಿದವರಿಗೆ ಸಾಮೂಹಿಕವಾಗಿ ಮುಗಿದಳು.

ಕೊನೆಗೆ ಫೋನನ್ನು ನೀರಿಗೆ ಬಿಡುವ ಪ್ರಶ್ನೆ ಬಂತು. ಅಮ್ಮ ಬಿಡಲೇಬೇಕೆಂದಳು. ಚಂದ್ರಮತಿ ಇಲ್ಲದಿದ್ದರೆ ಇವತ್ತು ಈ ಪತ್ರ ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ, ಓದಲು ತಾವೂ ಇರುತ್ತಿರಲಿಲ್ಲ. "ನೀರ್ಗ್ ಆಕುದ್ರೆ ಕೆಟ್ಟೋಯ್ತದೆ ಅತ್ತೆ, ಮೂರ್ ಅನಿ ಚಿಮುಕ್ಸಿ ಸಾಕು, ದೇವ್ರು ಅರ್ಥ ಮಾಡ್ಕತನೆ" ಎಂದು ಅವಳು ತಮ್ಮ ಪ್ರಾಣ ಉಳಿಸಿದಳು. ಮೂರು ಹನಿ ಚಿಮುಕಿಸಿದ ಮೇಲೆ 'ಅನುಪಯುಕ್ತವನ್ನು ಖಾಲಿ ಮಾಡಿ' ಎಂಬ ಗುಂಡಿಯನ್ನು ಹಿರಿಯಳಾದ ತಾನೇ ಒತ್ತಬೇಕೆಂದು ಅಮ್ಮ ಮುಂದೆ ಬಂದಳು. ಎಂಬತ್ತು ವರ್ಷ ಕಳೆ ಕಿತ್ತ ಬೆರಳು ಅದು. ಮೂರು ಸಲ ಒತ್ತಿದರೂ ತಾವು ಗುರುತು ಹಿಡಿಯಲಿಲ್ಲ. ಆಗ ಅವಳು ನನ್ನ ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಮೊದಲ ಸಲ ಅಕ್ಷರ ತಿದ್ದಿಸುವವರಂತೆ, ಗುಂಡಿಯ ಮೇಲೆ ಇಟ್ಟು ಒತ್ತಿದಳು.

"ಓಗ್ಬನ್ನಿ ಸ್ವಾಮಿ, ಎಲ್ರೂ ಓಗ್ಬನ್ನಿ. ತೆಪ್ಪಾಗಿದ್ರೆ ಒಟ್ಟೆಗಾಕ್ಕಳಿ" ಎಂದಳು.

ಹನ್ನೊಂದು ಜಿಬಿ ಖಾಲಿಯಾಯಿತೆಂದು ತಾವು ಪರದೆಯ ತುಂಬ ಬಣ್ಣದ ಕಾಗದದ ಚೂರು ಹಾರಿಸಿ ಅಭಿನಂದಿಸಿದಿರಿ. ಕಟ್ಟೆಯ ಮೇಲೆಯೇ ಶಶಿಕುಮಾರನಿಗೆ ಕಳಿಸಲೆಂದು ಆ ಫೋಟೋ ಹುಡುಕಿದೆ. ಸಿಗಲಿಲ್ಲ. ಬಿಸಿಲಿಗೆ ಕಾಣುತ್ತಿಲ್ಲವೆಂದುಕೊಂಡು, ಅಮ್ಮನ ಮುಂದೆ ಏನೂ ಹೇಳದೆ, ಬಟ್ಟೆ ಬದಲಿಸಿ ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ಶಶಿಕುಮಾರ ತನ್ನ ಅಂಗಡಿಯಲ್ಲಿ ಮುಕ್ಕಾಲು ಗಂಟೆ ತಮ್ಮನ್ನು ತಡಕಾಡಿದ. ಅವನು ಕಂಡುಹಿಡಿದದ್ದನ್ನು ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಬರೆಯುತ್ತೇನೆ. ಬಸ್ಸಿನಲ್ಲಿ ನಕ್ಕ ಅಮ್ಮನನ್ನು ತಾವು 'ಮಸುಕಾದವು' ಎಂಬ ಗುಂಪಿಗೆ ಸೇರಿಸಿದ್ದಿರಿ. ಮಾದಪ್ಪನ ಜೊತೆ, ನಂಜುಂಡೇಶ್ವರನ ಜೊತೆ ಅವಳೂ ಹೋಗಿದ್ದಳು. ತನ್ನ ನಗುವಿಗೆ ತಾನೇ ಕರ್ಪೂರ ಬೆಳಗಿ, ತಾನೇ ಹೋಗಿಬನ್ನಿ ಎಂದು ಕಳಿಸಿಕೊಟ್ಟಿದ್ದಳು. ಉಳಿದ ನಾನೂರ ಹನ್ನೆರಡು 'ಒಂದೇ ತರಹದವು' ಆದ್ದರಿಂದ, ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಮಾತ್ರ ಉಳಿಸಿ ಬೇರೆಲ್ಲ ತೆಗೆದಿದ್ದಿರಿ. ಆ ಅತ್ಯುತ್ತಮ ಫೋಟೋ ಅಮ್ಮ ಬೇಸರವಾಗಿ ಎದ್ದು ಹೋದ ಮೇಲೆ ಕೈತಪ್ಪಿ ತೆಗೆದದ್ದು. ಖಾಲಿ ಕುರ್ಚಿ ಬಹಳ ಸ್ಪಷ್ಟವಾಗಿ ಬಂದಿದೆ.

"ಅಣ್ಣ, ಅಮ್ಮುನ್ ಮೊಕ ಇರೋದು ಒಂದೇ ಒಂದ್ ಉಳ್ಕಂಡದೆ ಕಣಣ್ಣ. ಇದುನ್ನ ಫೋನೇ ಮುಖ್ಯ ದಾಖಲೆ ಅಂತ ಜ್ವಾಪಾನ ಮಾಡ್ಬುಟ್ಟದೆ" ಎಂದು ಶಶಿಕುಮಾರ ತೋರಿಸಿದ. ಅಮ್ಮನ ಆಧಾರ್ ಕಾರ್ಡಿನ ಫೋಟೋ ಅದು. ಯಾವತ್ತೋ ಯಾವ ಅರ್ಜಿಗೋ ತೆಗೆದಿಟ್ಟಿದ್ದು.

ತಮ್ಮ ವಿವೇಕವನ್ನು ಹೊಗಳಲು ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಅಲುಗಾಡಿದ್ದನ್ನೆಲ್ಲ ಮಸುಕು ಎನ್ನುವ, ಅಲುಗದಿದ್ದರೆ ಉತ್ತಮ ಎನ್ನುವ ತಮ್ಮ ಕಣ್ಣಿಗೆ ಸಾಟಿಯಿಲ್ಲ. ಬದುಕಿರುವವರು ಅಲುಗುತ್ತಾರೆ ಮಾನ್ಯರೇ, ನಗುವಾಗ ಇನ್ನೂ ಜಾಸ್ತಿ ಅಲುಗುತ್ತಾರೆ, ನಮ್ಮ ರಸ್ತೆಗಳಲ್ಲಂತೂ ಅಲುಗದೆ ಬೇರೆ ದಾರಿಯಿಲ್ಲ. ಇದನ್ನು ತಮಗೆ ಯಾರೂ ಹೇಳಿಕೊಟ್ಟಿಲ್ಲವೆಂದು ಕಾಣುತ್ತದೆ. ಆದ್ದರಿಂದ ತಾವು ದಯಮಾಡಿ ಹದಿನೈದು ದಿನ ಸಂತೆಮರಹಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಕಲಿಯಬೇಕೆಂದೂ, ಸಂತೆಯ ದಿನ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲವರೆಗೆ ಒಬ್ಬರ ಕಾಲನ್ನೂ ತುಳಿಯದೆ ಹೋಗಿ ಬರಬೇಕೆಂದೂ, ಸಿಸ್ಟಂ ಅವರನ್ನು ಕನಿಷ್ಠ ಚಾಮರಾಜನಗರದವರೆಗಾದರೂ ನಿಂತು ಪ್ರಯಾಣ ಮಾಡಲು ಒಪ್ಪಿಸಬೇಕೆಂದೂ, ಬಸ್ಸಿನಲ್ಲಿರುವಂತೆ ತಮ್ಮ ಒಡಲಿನಲ್ಲಿಯೂ ಹಿರಿಯ ನಾಗರಿಕರಿಗೆ ಒಂದು ಸೀಟು ಬರೆದಿಡಬೇಕೆಂದೂ ಕೋರುತ್ತೇನೆ. ಸಾಧ್ಯವಾದರೆ ಆ ದಿನವನ್ನೂ, ಆ ಬಸ್ಸನ್ನೂ, ಆ ರಸ್ತೆ ಉಬ್ಬನ್ನೂ ಮತ್ತೊಮ್ಮೆ ಏರ್ಪಡಿಸಿಕೊಡಬೇಕು. ಅಲ್ಲಿಯವರೆಗೆ ಖುದ್ದಾಗಿ ಉಡಿಗಾಲಕ್ಕೆ ಬಂದು ನಡೆದದ್ದನ್ನು ಅಮ್ಮನಿಗೆ ತಾವೇ ತಿಳಿಸಬೇಕು, ಏಕೆಂದರೆ ನನಗೆ ಧೈರ್ಯವಿಲ್ಲ ಎಂದು ಬರೆದು ಈ ದೂರನ್ನು ಇಲ್ಲಿಗೆ ಮುಗಿಸುವವನಿದ್ದೆ.

ಮುಗಿಸಲು ಆಗಲಿಲ್ಲ. ನಾನು ಎರಡು ದಿನ ಸರಿಯಾಗಿ ಊಟ ಮಾಡದ್ದನ್ನು ಕಂಡು ಅಮ್ಮನೇ ಕೇಳಿದಳು. ಹೇಳಿಬಿಟ್ಟೆ. ಬೈಗುಳಕ್ಕೆ ತಯಾರಾಗಿ ಕೂತೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಮೊರದಲ್ಲಿದ್ದ ಕಾಯಿಯಲ್ಲಿ ಅರ್ಧ ಸುಲಿದು ಮುಗಿಸಿದಳು.

"ದೇವ್ರ್ ಜೊತೇಲ್ ಓಯ್ತಲ್ಲ, ಓಗ್ಲಿ ಬುಡು" ಎಂದಳು. ಇನ್ನೊಂದು ಹಿಡಿ ಸುಲಿದ ಮೇಲೆ, "ಅಂಗಾರೆ ಇನ್ನೊಂದ್ ಅಂತದ್ದು ಸಿಕ್ಕಗಂಟ ನಾ ಎಲ್ಲೂ ಓಗಕಿಲ್ಲ ಕಣ್ಲಾ. ಆ ಆಧಾರ್ ಮೊಕ ಇಕ್ಕಂಡು ಸಾಯಕೆ ನಂಗೇನ್ ಬುದ್ಧಿ ಕೆಟ್ಟದಾ?"

ಮಾನ್ಯರೇ, ಮೊದಲೇ ಬರೆದಿದ್ದೇನೆ, ಅಮ್ಮನ ಮಾತು ಜಾರಿಗೆ ಬರದೆ ಉಳಿದದ್ದಿಲ್ಲ. ಆ ಮಾತು ಕೇಳಿದಾಗ ನನಗೆ ಆದ ಸಂತೋಷವನ್ನು ಚಂದ್ರಮತಿಗೂ ಹೇಳಿಲ್ಲ, ತಮಗೆ ಹೇಳುತ್ತಿದ್ದೇನೆ. ಅಂದಿನಿಂದ ನನ್ನ ದೂರಿನ ದಿಕ್ಕೇ ತಿರುಗಿತು. ಈ ಪತ್ರದಲ್ಲಿ ಇಲ್ಲಿಯವರೆಗೆ ಬರೆದ ಎಲ್ಲ ಆಕ್ಷೇಪಣೆಗಳನ್ನೂ ಈ ಮೂಲಕ ಹಿಂಪಡೆಯುತ್ತೇನೆ. ನಮ್ಮ ಬಳಗದ ಎಪ್ಪತ್ತೆರಡು ಜನರಿಗೂ ದಿನಕ್ಕೆ ಒಂದು ಶುಭೋದಯ ಸಾಲದು, ಶುಭ ಮಧ್ಯಾಹ್ನವನ್ನೂ ಶುಭ ಸಂಜೆಯನ್ನೂ ಕಳಿಸಬೇಕೆಂದು ವಿನಂತಿಸಿಕೊಂಡಿದ್ದೇನೆ. ಮಾದಪ್ಪ ಮರಳಿ ಬಂದ, ನಂಜುಂಡೇಶ್ವರ ಸಂಸಾರಸಮೇತ ಬಂದ. ನಾನೂ ನನ್ನ ಕೈಲಾದ ಸೇವೆಯಾಗಿ ಹಿತ್ತಲಿನ ಗೋಡೆಯ ವಿಡಿಯೋವನ್ನು ದಿನಕ್ಕೆ ಅರ್ಧ ಗಂಟೆ ತೆಗೆಯುತ್ತೇನೆ. ಗೋಡೆ ಅಲುಗದ ಕಾರಣ ತಾವು ಅದನ್ನು ಉತ್ತಮವೆಂದೇ ಎಣಿಸುವಿರಿ. ಹತ್ತೊಂಬತ್ತು ದಿನಕ್ಕೆ ಹನ್ನೊಂದು ಜಿಬಿಯೂ ತುಂಬಿ, ತಾವು ಪುನಃ ಕೆಂಪಗೆ ಬಂದು ಕೂತಾಗ ನಾನು ಎದ್ದು ನಿಂತು ಕೈಮುಗಿದೆ.

ಈಗ ಅಮ್ಮ ದಿನಾ ಬೆಳಿಗ್ಗೆ ಸೀರೆ ಬದಲಿಸಿಕೊಂಡು ಜಗಲಿಗೆ ಬಂದು ಕೂರುತ್ತಾಳೆ, ಫೋಟೋ ತೆಗಿ ಎನ್ನುತ್ತಾಳೆ. ನಾನು ತಮ್ಮನ್ನು ತೋರಿಸಿ, ಜಾಗ ಇಲ್ಲವಂತೆ ಅಮ್ಮ ಎನ್ನುತ್ತೇನೆ. "ಅಂಗಾರೆ ನಾಳೀಕ್ ನೋಡನ" ಎಂದು ಎದ್ದು, ಕುಡುಗೋಲು ತೆಗೆದುಕೊಂಡು ಎಮ್ಮೆಗೆ ಹುಲ್ಲು ಕೊಯ್ಯಲು ಹೋಗುತ್ತಾಳೆ. ಅಷ್ಟೊಂದು ದೇವರುಗಳಿಗೆ ಜಾಗ ಇರುವ ಫೋನಿನಲ್ಲಿ ತನ್ನೊಬ್ಬಳಿಗೆ ಯಾಕಿಲ್ಲವೆಂದು ಅವಳು ಇದುವರೆಗೆ ಒಮ್ಮೆಯೂ ಕೇಳಿಲ್ಲ. ಕೇಳುವ ಹೆಂಗಸೇ ಅವಳು, ಆದರೆ ಕೇಳಿಲ್ಲ. ಆದ್ದರಿಂದ ನನ್ನ ಏಕೈಕ ಹಾಗೂ ಅಂತಿಮ ಕೋರಿಕೆ ಏನೆಂದರೆ, ತಾವು ಭರ್ತಿಯಾಗಿಯೇ ಇರಬೇಕು, ಬಹುತೇಕ ಅಲ್ಲ, ಪೂರ್ತಿ, ಮತ್ತು ಇನ್ನೂ ಬಹಳ ವರ್ಷ.

ತಮ್ಮ ಮೇಲೆ ಬಹಳ ತಡವಾಗಿ ವಿಶ್ವಾಸ ಹುಟ್ಟಿಸಿಕೊಂಡ,
ನಿಂಗರಾಜು
ಉಡಿಗಾಲ

ಮರೆತಿದ್ದ ಮಾತು: ನಿನ್ನೆ ಶಶಿಕುಮಾರ ಪಾಪ ನನ್ನ ಕಷ್ಟ ನೋಡಲಾರದೆ ಗುಂಡ್ಲುಪೇಟೆಯಿಂದ ಮನೆಗೇ ಬಂದು, ಉಗುರಿನಷ್ಟು ಚಿಕ್ಕ ಒಂದು ಮೆಮೊರಿ ಕಾರ್ಡು ತೋರಿಸಿ, ಇದನ್ನು ಹಾಕಿದರೆ ಇನ್ನು ಸಾಯುವವರೆಗೂ ಜಾಗದ ತಾಪತ್ರಯವಿಲ್ಲ ಎಂದ. ಅಮ್ಮ ಹೊಲದಿಂದ ಬರುವಷ್ಟರಲ್ಲಿ ಅವನಿಗೆ ಕಾಫಿ ಕುಡಿಸಿ, ಕಾರ್ಡನ್ನು ಅವನ ಜೇಬಿಗೇ ಹಾಕಿ, ಸಿಕ್ಕ ಬಸ್ಸಿಗೆ ಹತ್ತಿಸಿ ರೈಟ್ ಹೇಳಿದ್ದೇನೆ. ತಮ್ಮ ಕಂಪನಿಯವರಿಗೂ ಮುಂದೆ ಇಂಥ ಉಪಕಾರಬುದ್ಧಿ ಹುಟ್ಟಿದರೆ, ದಯವಿಟ್ಟು ನಮ್ಮ ಮನೆಯನ್ನು ಬಿಟ್ಟು ಬೇರೆ ಎಲ್ಲರಿಗೂ ಮಾಡಲಿ.